ವಾರ್ಧಕ್ಯ ಮತ್ತು ಕಲಾಕಾಯಕ
ಮಲ್ಲಿಕಾರ್ಜುನ ಮನಸೂರರ ಉತ್ತರವಯಸ್ಸಿನ ಗಾಯನವನ್ನು ಕುರಿತು

ವೃದ್ಧ ಕಲಾವಿದನನ್ನು ಸಮಾಜವು ಸನ್ಮಾನಿಸುತ್ತದೆ, ಆಲಿಸುವುದು ಅಪೂರ್ವ. ಶಾಲು, ಹಾರ, ಫಲತಾಂಬೂಲ, ಅಭಿನಂದನ ಗ್ರಂಥ ಇವೆಲ್ಲವೂ ಸಲ್ಲುವ ಹೊತ್ತಿಗೆ ಆತನ ಕಲೆಯನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ನಿಂತುಹೋಗಿರುತ್ತವೆ. ಷಷ್ಟಿಪೂರ್ತಿಯಾದವರ ಕೃತಿಯನ್ನು ತೂಗಿನೋಡುವುದು ಅವಿನಯವೆಂಬ ಭಾವನೆ ವಿಮರ್ಶಕರಲ್ಲಿಯೂ ಬೇರೂರಿದೆ. ಇದರಿಂದ ಎರಡು ಬಗೆಯ ಅನ್ಯಾಯ ಸಂಭವಿಸುತ್ತದೆ. ಮುಪ್ಪಿನಲ್ಲಿ ನಿಜವಾಗಿಯೂ ಹೊಸದನ್ನು ಸಾಧಿಸಿದವರ ಸಾಧನೆಯು ‘ಈ ವಯಸ್ಸಿನಲ್ಲಿಯೂ’ ಎಂಬ ಒಂದು ಮೆಚ್ಚುಗೆಯ ಮಾತಿನೊಳಗೆ ಮುಚ್ಚಿಹೋಗುತ್ತದೆ. ಹಿಂದೆ ಗಳಿಸಿದುದನ್ನೇ ಪುನರುಚ್ಚರಿಸುತ್ತಿರುವವರಿಗೂ ಅದೇ ಮೆಚ್ಚುಗೆ, ಅದೇ ಅಳತೆಯಲ್ಲಿ, ಸಲ್ಲುತ್ತದೆ. ಎಲ್ಲರಿಗೂ ಸಮನಾಗಿ ಹಂಚಿದ ಗೌರವವು ಯಾರಿಗೂ ಸಲ್ಲಬೇಕಾದ ರೀತಿಯಲ್ಲಿ ಸಲ್ಲುವುದಿಲ್ಲ.

ಈ ಭಾವನೆಯ ಹಿಂದೆ ಒಂದು ತತ್ತ್ವವಿದೆ. ಮನುಷ್ಯನ ಬಾಳನ್ನು ನಾಲ್ಕು ಆಶ್ರಮಗಳಾಗಿ ವಿಂಗಡಿಸಿ, ಉತ್ತರವಯಸ್ಸನ್ನು ಹಿಂದೆಗೆಯುವ ಕಾಲವೆಂದು ವಿಧಿಸಿದ ದೃಷ್ಟಿಯದು. ತಲೆ ನರೆತಾಗ ಮನೆಯ ಭಾರವನ್ನು ಮಗನಿಗೊಪ್ಪಿಸಿ ವನಕ್ಕೆ ತೆರಳಬೇಕೆಂಬ ಆ ವಿಧಿಯು ಆಧುನಿಕ ಕಾಲದಲ್ಲಿ ನಿವೃತ್ತಿಯೆಂಬ ಸರಕಾರೀ ನಿಯಮವಾಗಿ ವೇಷ ಬದಲಿಸಿದೆ. ಎರಡರ ತಿರುಳೂ ಒಂದೇ: ಸೃಷ್ಟಿ ಯೌವನದ ಕೆಲಸ, ಸ್ಮರಣೆ ಮುಪ್ಪಿನ ಕೆಲಸ. ಕಲೆಯ ವಿಷಯದಲ್ಲಿ ಈ ವಿಭಜನೆ ಎಷ್ಟು ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಒಂದು ಖಚಿತವಾದ ನಿದರ್ಶನದ ಮೂಲಕ ಪರಿಶೀಲಿಸುವುದು ಉಚಿತ. ಅಂತಹ ನಿದರ್ಶನವಾಗಿ ಧಾರವಾಡದ ಸಂಗೀತ ಸಾಧಕ ಮಲ್ಲಿಕಾರ್ಜುನ ಮನಸೂರ (೧೯೧೦–೧೯೯೨) ಅವರ ಉತ್ತರವಯಸ್ಸಿನ ಗಾಯನ ಒದಗಿಬರುತ್ತದೆ.

ಪರಿಶೀಲನೆಗೆ ತೊಡಗುವ ಮುನ್ನ ಅಳತೆಗೋಲನ್ನು ನಿಶ್ಚಯಿಸಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಶಿವಶರಣರು ವರ್ಣಗಳನ್ನು ನಿರಾಕರಿಸಿದಂತೆಯೇ ಆಶ್ರಮಗಳ ಸೋಪಾನವನ್ನೂ ಮನ್ನಿಸಲಿಲ್ಲ. ಅವರ ದರ್ಶನದಲ್ಲಿ ಸಾಧಕನ ಮಾರ್ಗವನ್ನು ಗುರುತಿಸುವುದು ಷಟ್‌ಸ್ಥಲ. ಭಕ್ತನಿಂದ ಮೊದಲುಗೊಂಡು ಐಕ್ಯದವರೆಗಿನ ಆರು ಸ್ಥಲಗಳಿಗೂ ವಯಸ್ಸಿಗೂ ಯಾವ ಕಟ್ಟುಪಾಡೂ ಇಲ್ಲ. ಭಕ್ತಸ್ಥಲವು ಬಾಲಕರಿಗೆ, ಐಕ್ಯಸ್ಥಲವು ವೃದ್ಧರಿಗೆ ಎಂದು ಯಾವ ಶರಣನೂ ಹೇಳಲಿಲ್ಲ. ಅಂತೆಯೇ ಕಾಯಕಕ್ಕೆ ನಿವೃತ್ತಿಯಿಲ್ಲ. ನೇಯುವವನು ನೇಯುತ್ತಲೇ, ಅಂಬಿಗನು ಹುಟ್ಟು ಹಾಕುತ್ತಲೇ ಲಿಂಗವನ್ನು ಕಾಣಬೇಕಲ್ಲದೆ, ಕೈ ಸೋತ ದಿನದಿಂದ ಸಾಧನೆ ಮೊದಲಾಗುವುದೆಂದು ಕಾಯಬೇಕಾಗಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಶರಣರು ಮುಪ್ಪನ್ನು ಅನರ್ಹತೆಯೆಂದು ಎಣಿಸಲಿಲ್ಲ. ಅದನ್ನು ಅರ್ಹತೆಯೆಂದೂ ಎಣಿಸಲಿಲ್ಲ. ಅನುಭವಮಂಟಪದಲ್ಲಿ ಷಟ್‌ಸ್ಥಲ ಜ್ಞಾನದ ಚಕ್ರವರ್ತಿಯೆನಿಸಿದ ಚೆನ್ನಬಸವಣ್ಣ ಕಿರಿಯ. ‘ಶೂನ್ಯಸಂಪಾದನೆ’ಯಲ್ಲಿ ಹಿರಿಯ ಶರಣರ ಪ್ರಶ್ನೆಗಳನ್ನು ಎದುರಿಸಿ ನಿಂತ ಅಕ್ಕಮಹಾದೇವಿ ತರುಣಿ. ಅನುಭಾವವನ್ನು ಆಯುಷ್ಯದಿಂದ ಅಳೆಯದ ಪರಂಪರೆಯ ವಾರಸುದಾರರು ಕಲೆಯನ್ನು ಮಾತ್ರ ಆಯುಷ್ಯದಿಂದ ಅಳೆಯುವುದು ಸಲ್ಲದು. ಆದುದರಿಂದ ಈ ವಿಮರ್ಶೆಗೆ ಎರಡು ಪ್ರಶ್ನೆಗಳಷ್ಟೇ ಸಾಕು. ಮುಪ್ಪಿನಲ್ಲಿಯೂ ಕಾಯಕ ನಡೆದಿತ್ತೆ? ನಡೆದಿದ್ದರೆ, ಅದರ ಫಲವು ಹಿಂದಿನದಕ್ಕಿಂತ ಭಿನ್ನವಾದುದಾಗಿತ್ತೆ? ಮೊದಲನೆಯದು ಜೀವನಚರಿತ್ರೆಯ ಪ್ರಶ್ನೆ. ಎರಡನೆಯದು ಮಾತ್ರವೇ ವಿಮರ್ಶೆಯದು.

*

ಉತ್ತರವಯಸ್ಸಿನ ಸೃಷ್ಟಿಶೀಲತೆ ಒಂದೇ ಬಗೆಯದಲ್ಲ. ಪೂರ್ವದಲ್ಲಿ ಮಾಡದೆ ಇದ್ದ ಹೊಸ ಕಲೆಯೊಂದನ್ನು ಮುಪ್ಪಿನಲ್ಲಿ ಕೈಗೆತ್ತಿಕೊಳ್ಳುವುದು ಒಂದು ಬಗೆ. ೧೮೬೧ರಲ್ಲಿ ಜನಿಸಿದ ರವೀಂದ್ರನಾಥ ಠಾಕೂರರು ಚಿತ್ರಕಲೆಗೆ ತಮ್ಮನ್ನು ಪೂರ್ಣವಾಗಿ ತೆತ್ತುಕೊಂಡುದು ಅರವತ್ತೈದು ದಾಟಿದ ಮೇಲೆ. ಅವರ ಚಿತ್ರಗಳ ಪ್ರಥಮ ಪ್ರದರ್ಶನ ಪ್ಯಾರಿಸ್ಸಿನಲ್ಲಿ ನಡೆದುದು ೧೯೩೦ರಲ್ಲಿ. ೧೯೪೧ರಲ್ಲಿ ನಿಧನರಾಗುವವರೆಗೆ ಒಟ್ಟು ಎರಡು ಸಾವಿರಕ್ಕೂ ಮೇಲ್ಪಟ್ಟು ಚಿತ್ರಗಳು ಆ ಕೈಯಿಂದ ಹೊರಬಂದವು. ಕಾವ್ಯದಲ್ಲಿ ಪಳಗಿದ ಲೇಖನಿಯ ಲಾಲಿತ್ಯವನ್ನು ಆ ಚಿತ್ರಗಳಲ್ಲಿ ಹುಡುಕಿದವರು ನಿರಾಶರಾದರು. ಕಾರಣ, ಅಲ್ಲಿದ್ದುದು ಬೇರೆಯೇ ಒಬ್ಬ ಠಾಕೂರ.

ಕೈಗೂಡಿದ ಕಲೆಯಲ್ಲಿಯೇ ಇನ್ನೂ ದೊಡ್ಡದಾದ ಕೃತಿಯೊಂದನ್ನು ಮುಪ್ಪಿನಲ್ಲಿ ಕಟ್ಟುವುದು ಎರಡನೆಯ ಬಗೆ. ೧೮೯೧ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿ ಪ್ರಕಟವಾದುದು ೧೯೫೬ರಲ್ಲಿ, ಅವರಿಗೆ ಅರವತ್ತೈದು ತುಂಬುವ ಹೊತ್ತಿಗೆ. ಕೊಡಗಿನ ಕೊನೆಯ ವೀರಶೈವ ಅರಸನ ಪತನವನ್ನು ಕುರಿತ ಆ ಕೃತಿಯಲ್ಲಿ ಸಣ್ಣಕತೆಗಾರನಾಗಿ ಗಳಿಸಿದ ಸಂಯಮವೂ ಆಡಳಿತಾಧಿಕಾರಿಯಾಗಿ ಕಂಡ ರಾಜ್ಯವ್ಯವಹಾರದ ಒಳಮರ್ಮಗಳೂ ಒಟ್ಟುಗೂಡಿವೆ. ದುಷ್ಟನಾದ ಅರಸನನ್ನು ದ್ವೇಷಿಸದೆ, ಕ್ಷಮಿಸದೆ, ಅರ್ಥಮಾಡಿಕೊಳ್ಳುವ ಆ ದೃಷ್ಟಿ ಮೂವತ್ತರ ಲೇಖಕನಿಗೆ ಸುಲಭಸಾಧ್ಯವಾಗುವಂತಹುದಲ್ಲ. ಮಾಸ್ತಿಯವರಿಗೆ ಜ್ಞಾನಪೀಠ ಪ್ರಶಸ್ತಿ ಬಂದುದು ೧೯೮೩ರ ಸಾಲಿನಲ್ಲಿ, ಕೃತಿ ಹೊರಬಂದ ಇಪ್ಪತ್ತೇಳು ವರ್ಷಗಳ ಅನಂತರ. ಮನ್ನಣೆಯ ಕಾಲವೂ ಸೃಷ್ಟಿಯ ಕಾಲವೂ ಬೇರೆ ಬೇರೆ ಎಂಬುದಕ್ಕೆ ಇದೊಂದು ಸ್ಪಷ್ಟ ಸಾಕ್ಷ್ಯ.

ಮೂರನೆಯ ಬಗೆಯಲ್ಲಿ ಹೊಸ ಕಲೆಯೂ ಇಲ್ಲ, ಹಿರಿದಾದ ಕೃತಿಯೂ ಇಲ್ಲ. ಇರುವ ಸಾಮಗ್ರಿಯನ್ನೇ ಮತ್ತೆ ಮತ್ತೆ ಕಡೆದು, ಬೇಡವಾದುದನ್ನು ಕಳೆದು, ಉಳಿದುದರ ಸಾಂದ್ರತೆಯನ್ನು ಹೆಚ್ಚಿಸುವುದು ಅದರ ಕ್ರಮ. ಗಣನೆಗೆ ಸಿಕ್ಕದ ಬೆಳವಣಿಗೆಯಾದುದರಿಂದ ಇದನ್ನು ಗುರುತಿಸುವುದು ಕಷ್ಟ. ಮನಸೂರರದು ಈ ವರ್ಗಕ್ಕೆ ಸೇರಿದ ಸಾಧನೆ.

*

ಧಾರವಾಡದ ಸಮೀಪದ ಮನಸೂರ ಗ್ರಾಮದ ರೈತಮನೆತನದಲ್ಲಿ ಭೀಮರಾಯಪ್ಪ, ನೀಲಮ್ಮ ದಂಪತಿಗಳ ಮಗನಾಗಿ ಜನಿಸಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿಯೇ ಅಣ್ಣ ಬಸವರಾಜರೊಂದಿಗೆ ನಾಟಕ ಕಂಪನಿಯ ರಂಗವೇರಿದರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠ; ಅನಂತರ ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪರಂಪರೆಯ ಶಿಕ್ಷಣ. ಇಪ್ಪತ್ತು ದಾಟಿದ ಹೊತ್ತಿಗೆ ಗ್ರಾಮೋಫೋನ್ ತಟ್ಟೆಗಳ ಮೂಲಕ ಹೆಸರು ಮನೆಮನೆಗೆ ತಲುಪಿತ್ತು. ಸಾಮಾನ್ಯ ಗಾಯಕನೊಬ್ಬ ಅಷ್ಟಕ್ಕೆ ತೃಪ್ತನಾಗುತ್ತಿದ್ದ. ಆ ಕೀರ್ತಿಯ ನಡುವೆಯೇ ಮನಸೂರರು ಮತ್ತೆ ವಿದ್ಯಾರ್ಥಿಯಾಗಿ, ಜಯಪುರ-ಅತ್ರೌಲಿ ಘರಾಣೆಯ ಪ್ರವರ್ತಕರಾದ ಅಲ್ಲಾದಿಯಾ ಖಾನರ ಪುತ್ರ ಮಂಜೀಖಾನರ ಶಿಷ್ಯತ್ವ ಸ್ವೀಕರಿಸಿದರು. ಆ ಶಿಕ್ಷಣ ಅಲ್ಪಕಾಲದಲ್ಲಿಯೇ, ೧೯೩೭ರಲ್ಲಿ ಗುರುವಿನ ಅಕಾಲ ಮರಣದಿಂದ, ನಿಂತುಹೋಯಿತು. ಅನಂತರ ಮಂಜೀಖಾನರ ತಮ್ಮ ಭುರ್ಜೀಖಾನರಲ್ಲಿ ಪಾಠ ಮುಂದುವರಿಯಿತು. ೧೯೫೦ರಲ್ಲಿ ಅವರೂ ಕಣ್ಮರೆಯಾದರು. ನಾಲ್ವತ್ತರ ಹೊಸ್ತಿಲಲ್ಲಿದ್ದ ಶಿಷ್ಯನಿಗೆ ಇನ್ನು ಮೇಲೆ ಕೇಳಿ ಕಲಿಯಲು ಗುರುವಿಲ್ಲ. ಕಲಿತುದನ್ನು ಜೀರ್ಣಿಸಿಕೊಳ್ಳುವ ಕೆಲಸ ಮಾತ್ರ ಉಳಿದಿತ್ತು.

ಅಲ್ಲಿಂದ ಮುಂದಿನ ಎರಡು ದಶಕಗಳು ಬಹುಮಟ್ಟಿಗೆ ಮೌನ ಸಾಧನೆಯ ಕಾಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳಲ್ಲಿ ಅವರಿಗಿದ್ದ ನಿಷ್ಠೆ ಎಷ್ಟು ಗಾಢವಾದುದೆಂಬುದಕ್ಕೆ ತಮ್ಮ ಮನೆಗೆ ಅವರು ‘ಮೃತ್ಯುಂಜಯ’ ಎಂದು ಹೆಸರಿಟ್ಟುದೇ ಸಾಕ್ಷಿ. ಲಿಂಗಪೂಜೆ, ಸ್ವರಸಾಧನೆ, ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರಿಕೆ ಇವುಗಳ ನಡುವೆ ಬಾಳು ಸಾಗಿತು. ಪದ್ಮಶ್ರೀ ಬಂದುದು ೧೯೭೦ರಲ್ಲಿ. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ೧೯೭೧ರಲ್ಲಿ. ಪದ್ಮಭೂಷಣ ೧೯೭೬ರಲ್ಲಿ, ಕಾಳಿದಾಸ ಸಮ್ಮಾನ ೧೯೮೧ರಲ್ಲಿ, ಅಕಾಡೆಮಿಯ ಫೆಲೋಶಿಪ್ ೧೯೮೨ರಲ್ಲಿ, ಪದ್ಮವಿಭೂಷಣ ನಿಧನದ ವರ್ಷವಾದ ೧೯೯೨ರಲ್ಲಿ. ಬಾಲ್ಯದಿಂದ ಹಾಡುತ್ತ ಬಂದ ಗಾಯಕನ ಮನೆಬಾಗಿಲಿಗೆ ರಾಷ್ಟ್ರೀಯ ಮನ್ನಣೆ ನಡೆದುಬಂದುದು ಅರವತ್ತರ ಹೊತ್ತಿಗೆ.

ಈ ದಿನಾಂಕಗಳನ್ನು ಮುಂದಿಟ್ಟುಕೊಂಡು ‘ಮನಸೂರರು ಅರವತ್ತರಲ್ಲಿ ಅರಳಿದರು’ ಎಂದು ಬರೆಯುವ ರೂಢಿಯಿದೆ. ಇದು ತರ್ಕದೋಷ. ಅರವತ್ತರಲ್ಲಿ ಅರಳಿದುದು ಕೇಳುಗರ ಕಿವಿಯಾಗಿರಬಹುದು. ಗಾಯಕನ ಕಲೆ ಅದಕ್ಕಿಂತ ಮೊದಲೇ ಪಕ್ವವಾಗಿದ್ದಿರಬಹುದು. ಈ ಸಂದೇಹವನ್ನು ಪೂರ್ಣವಾಗಿ ನಿವಾರಿಸುವ ಸಾಧನವೂ ಇಲ್ಲ. ತಾರುಣ್ಯದ ಗಾಯನಕ್ಕೆ ಸಾಕ್ಷಿಯಾಗಿ ಉಳಿದವು ಮುಖ್ಯವಾಗಿ ಮೂರು-ಮೂರೂವರೆ ನಿಮಿಷಗಳ ತಟ್ಟೆಗಳು. ರಸಿಕರಿಗೆ ಇಂದು ಲಭ್ಯವಿರುವ ದೀರ್ಘ ಮುದ್ರಣಗಳಲ್ಲಿ ಬಹುಪಾಲು ಷಷ್ಟಿಯ ಆಸುಪಾಸಿನವು ಮತ್ತು ಅನಂತರದವು. ನಾಲ್ವತ್ತರ, ಐವತ್ತರ ಮನಸೂರರನ್ನು ತೃಪ್ತಿಕರವಾಗಿ ಕೇಳುವ ಭಾಗ್ಯ ಇಂದಿನವರಿಗಿಲ್ಲ. ಮಧ್ಯವಯಸ್ಸಿನ ಕಲಾವಿದನನ್ನು ಸಮಾಜ ಕಡೆಗಣಿಸಿದರೆ ಅದರ ನಷ್ಟ ಆ ಕಲಾವಿದನಿಗೆ ಮಾತ್ರವಲ್ಲ, ವಿಮರ್ಶೆಗೂ ತಟ್ಟುತ್ತದೆ.

*

ಹಾಗಿದ್ದರೂ ಉತ್ತರವಯಸ್ಸಿನ ಮುದ್ರಣಗಳೊಳಗಿನಿಂದಲೇ ಕೆಲವು ಲಕ್ಷಣಗಳನ್ನು ಗುರುತಿಸಬಹುದು. ಅದಕ್ಕೆ ಜಯಪುರ ಘರಾಣೆಯ ಸ್ವರೂಪವನ್ನು ಸ್ಥೂಲವಾಗಿಯಾದರೂ ತಿಳಿದಿರಬೇಕು. ಈ ಗಾಯಕಿಯಲ್ಲಿ ತಾಳದ ಹೊರಗೆ ನಿಂತು ಬಹುಹೊತ್ತು ಆಲಾಪಿಸುವ ಪದ್ಧತಿಯಿಲ್ಲ. ಬಂದಿಶನ್ನು ಹಿಡಿದು, ಲಯದ ಒಡಲಿನಲ್ಲಿಯೇ, ಆಕಾರದಿಂದ ರಾಗವನ್ನು ಬಿಡಿಸುತ್ತ ಹೋಗಬೇಕು. ಸ್ವರಗಳನ್ನು ನೇರವಾಗಿ ಜೋಡಿಸದೆ ಒಂದರೊಳಗೊಂದು ಸುತ್ತಿ ಹೆಣೆಯಬೇಕು. ತಾನು ತಾನಾಗಿ ಬರುವ ತಾನುಗಳೂ ಆ ಹೆಣಿಗೆಯ ಮುಂದುವರಿಕೆಯಾಗಿರಬೇಕು. ಇದರ ಜೊತೆಗೆ ಅಪರೂಪದ ರಾಗಗಳು, ಎರಡು ರಾಗಗಳು ಬೆಸೆದ ಜೋಡುರಾಗಗಳು ಈ ಮನೆತನದ ವಿಶೇಷ ಸಂಪತ್ತು.

ಈ ಶೈಲಿಯ ಹುಟ್ಟನ್ನು ಕುರಿತು ಪರಂಪರೆಯೊಳಗೆ ಪ್ರಚಲಿತವಾದ ಒಂದು ಸಂಗತಿ ಪ್ರಕೃತ ವಿಷಯಕ್ಕೆ ಅತ್ಯಂತ ಪ್ರಸ್ತುತವಾದುದು. ಅಲ್ಲಾದಿಯಾ ಖಾನರು (೧೮೫೫–೧೯೪೬) ಅತಿಯಾದ ಗಾಯನದಿಂದ ಕಂಠದ ಮೊದಲಿನ ಕಾಂತಿಯನ್ನು ಕಳೆದುಕೊಂಡರೆಂದೂ, ಉಳಿದ ಕಂಠಕ್ಕೆ ಹೊಂದುವಂತೆ ಈ ಗಾಯಕಿಯನ್ನು ಹೊಸದಾಗಿ ರೂಪಿಸಿದರೆಂದೂ ಘರಾಣೆಯವರು ಹೇಳುತ್ತ ಬಂದಿದ್ದಾರೆ. ಅಂದ ಮೇಲೆ ಈ ಶೈಲಿಯ ಬೇರಿನಲ್ಲಿಯೇ ಕಂಠಮಾಧುರ್ಯದ ಮೇಲೆ ಅವಲಂಬಿಸದಿರುವ ಗುಣವಿದೆ. ಅದು ಬೇಡುವುದು ದನಿಯ ಜೇನನ್ನಲ್ಲ. ಉಸಿರಿನ ದೀರ್ಘತೆಯನ್ನು, ಬುದ್ಧಿಯ ಜಾಗೃತಿಯನ್ನು, ರಾಗದ ಅಂತರ್ಮಾರ್ಗಗಳ ಪರಿಚಯವನ್ನು. ಇವುಗಳಲ್ಲಿ ಉಸಿರೊಂದೇ ವಯಸ್ಸಿಗೆ ಈಡಾಗುವಂತಹುದು. ಉಳಿದೆರಡೂ ಕಾಲ ಕಳೆದಂತೆ ಬಲಿಯುವಂತಹವು. ಮನಸೂರರು ಇಪ್ಪತ್ತರ ಹರೆಯದಲ್ಲಿ ಗ್ವಾಲಿಯರಿನಿಂದ ಜಯಪುರಕ್ಕೆ ತಿರುಗಿದಾಗ ತಿಳಿದೋ ತಿಳಿಯದೆಯೋ ತಮ್ಮ ಮುಪ್ಪಿಗೆ ಒದಗುವ ಶೈಲಿಯೊಂದನ್ನು ಆರಿಸಿಕೊಂಡಿದ್ದರು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಮರಾಠಿ ರಂಗಭೂಮಿಯಲ್ಲಿದೆ. ಬಾಲಗಂಧರ್ವರು (೧೮೮೮–೧೯೬೭) ಅಪ್ರತಿಮ ಗಾಯಕನಟರು. ಆದರೆ ಅವರ ಕಲೆ ಸ್ತ್ರೀಪಾತ್ರದ ರೂಪಲಾವಣ್ಯದೊಂದಿಗೆ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿತ್ತು. ಹರೆಯ ಮೀರಿದ ಮೇಲೂ ಅವೇ ಪಾತ್ರಗಳನ್ನು ವಹಿಸುತ್ತ ಬಂದಾಗ ಪ್ರೇಕ್ಷಕರು ಕಿವಿಯಿಂದ ಪಡೆದುದನ್ನು ಕಣ್ಣು ಒಪ್ಪದಾಯಿತು. ಇದು ಆ ಮಹಾನ್ ಕಲಾವಿದನ ಕೊರತೆಯಲ್ಲ, ಆಯ್ದುಕೊಂಡ ಪ್ರಕಾರದ ಮಿತಿ. ಮುಪ್ಪಿನಲ್ಲಿ ಕಲೆ ಬಾಡುವುದೋ ಮಾಗುವುದೋ ಎಂಬ ಪ್ರಶ್ನೆಗೆ ಸಾರ್ವತ್ರಿಕವಾದ ಉತ್ತರವಿಲ್ಲ. ಕಲೆಯು ದೇಹದ ಯಾವ ಗುಣವನ್ನು ಆಧರಿಸಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಮನಸೂರರೂ ಬಾಲ್ಯದಲ್ಲಿ ರಂಗಭೂಮಿಯಿಂದಲೇ ಬಂದವರು. ಅದನ್ನು ಬಿಟ್ಟು ಬಂದುದು ಅವರ ಪಾಲಿಗೆ ದೊಡ್ಡ ಭಾಗ್ಯವಾಯಿತು.

ಉತ್ತರವಯಸ್ಸಿನ ಗಾಯನದ ಪ್ರಥಮ ಲಕ್ಷಣ ಪೀಠಿಕೆಯ ಅಭಾವ. ತಂಬೂರಿಯ ಶ್ರುತಿ ನೆಲೆಗೊಂಡೊಡನೆಯೇ ರಾಗದ ಮಧ್ಯಕ್ಕೆ ಪ್ರವೇಶ, ಕೆಲವೇ ಸ್ವರಗಳಲ್ಲಿ ರಾಗದ ಮುಖದರ್ಶನ, ಒಡನೆಯೇ ಬಂದಿಶು. ಕೇಳುಗನನ್ನು ಸಿದ್ಧಗೊಳಿಸುವ, ಒಲಿಸುವ ಯಾವ ಉಪಚಾರವೂ ಅಲ್ಲಿಲ್ಲ. ಇದು ಶಕ್ತಿಯನ್ನು ಉಳಿಸಿಕೊಳ್ಳುವ ವೃದ್ಧನ ಜಾಣತನವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಶಕ್ತಿಯನ್ನು ಉಳಿಸಬೇಕೆಂದಿದ್ದವನು ಆರಂಭದಲ್ಲಿಯೇ ಕ್ಲಿಷ್ಟವಾದ ಸ್ವರಹೆಣಿಗೆಗೆ ಕೈಹಾಕುವುದಿಲ್ಲ. ರಾಗದೊಂದಿಗೆ ಅರ್ಧ ಶತಮಾನ ಬಾಳಿದವನಿಗೆ ಅದರ ಬಾಗಿಲಲ್ಲಿ ನಿಂತು ಅಪ್ಪಣೆ ಬೇಡುವ ಅಗತ್ಯವಿಲ್ಲ ಎಂಬುದೇ ಸರಿಯಾದ ವಿವರಣೆ.

ಎರಡನೆಯ ಲಕ್ಷಣ ಜೋಡುರಾಗಗಳ ನಿರ್ವಹಣೆಯಲ್ಲಿ ಕಾಣುತ್ತದೆ. ಬಸಂತೀ ಕೇದಾರ, ಲಲಿತಾಗೌರಿ, ನಟಬಿಹಾಗ ಮೊದಲಾದ ರಾಗಗಳಲ್ಲಿ ಎರಡು ರಾಗಪ್ರಕೃತಿಗಳ ಸಂಗಮವಿದೆ. ಕುಶಲನಾದ ತರುಣ ಗಾಯಕ ಇಂತಹ ರಾಗವನ್ನು ಹಾಡುವಾಗ ಇದು ಬಸಂತ, ಇದು ಕೇದಾರ ಎಂದು ಕೇಳುಗನಿಗೆ ಬೆರಳು ಮಾಡಿ ತೋರುತ್ತಾನೆ. ತನ್ನ ಪಾಂಡಿತ್ಯ ಅಲ್ಲಿ ಪ್ರಕಟವಾಗಬೇಕೆಂಬ ಹಂಬಲ ಸಹಜ. ಮನಸೂರರ ಉತ್ತರವಯಸ್ಸಿನ ಗಾಯನದಲ್ಲಿ ಬೆಸುಗೆಯ ಗುರುತೇ ಸಿಗದು. ಒಂದು ರಾಗದ ಸ್ವರಸಮೂಹ ಮುಗಿಯುವ ಮುನ್ನವೇ ಮತ್ತೊಂದು ಅದರೊಳಗಿನಿಂದ ಮೊಳೆತಿರುತ್ತದೆ. ಎರಡೂ ಸೇರಿ ಮೂರನೆಯದಾದ ಸ್ವತಂತ್ರ ವ್ಯಕ್ತಿತ್ವವೊಂದು ನಿಲ್ಲುತ್ತದೆ. ರಿಷಭ-ಪಂಚಮಗಳಿಲ್ಲದ ಮಾಲಕಂಸಕ್ಕೆ ಆ ಎರಡು ಸ್ವರಗಳನ್ನೂ ಕೂಡಿಸಿದ ಸಂಪೂರ್ಣ ಮಾಲಕಂಸದಲ್ಲಿಯೂ ಇದೇ ಅನುಭವ. ಕೂಡಿಸಿದ ಸ್ವರಗಳು ಹೊರಗಿನಿಂದ ಬಂದ ಅತಿಥಿಗಳಂತಿರದೆ ಮನೆಯವರೇ ಆಗಿಬಿಡುತ್ತವೆ. ಶಿವಮತ ಭೈರವ, ಖಟ್, ಬಿಹಾರಿ, ಏಕನಿಷಾದ ಬಿಹಾಗಡಾ ಇವೇ ಮೊದಲಾದ ಅಪ್ರಚಲಿತ ರಾಗಗಳು ಅವರ ಕಂಠದಲ್ಲಿ ವಸ್ತುಸಂಗ್ರಹಾಲಯದ ಅಪೂರ್ವ ವಸ್ತುಗಳಾಗಿ ಉಳಿಯದೆ ದಿನಬಳಕೆಯ ಮಾತಿನಷ್ಟು ಸಲೀಸಾದುವು.

ಮೂರನೆಯದು ಪ್ರಮಾಣಪ್ರಜ್ಞೆ. ಒಂದು ರಾಗವನ್ನು ಗಂಟೆಗಟ್ಟಲೆ ಹಿಗ್ಗಿಸುವುದೇ ಮಹತ್ತ್ವದ ಲಕ್ಷಣವೆಂದು ತಿಳಿದ ಕಾಲದಲ್ಲಿ ಅವರು ಹಲವು ರಾಗಗಳನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಿದ್ದರು. ಹೇಳಬೇಕಾದುದನ್ನು ಹೇಳಿ ಮುಗಿಸಿದ ಮೇಲೆ ಮತ್ತೊಂದು ಆವರ್ತನವಿಲ್ಲ. ಉಸಿರು ಕುಗ್ಗಿದುದರಿಂದ ಗಾಯನ ಕುಗ್ಗಿತೆಂದು ವಾದಿಸುವವರು ಆ ಅರ್ಧ ಗಂಟೆಯೊಳಗಿನ ಸಾಂದ್ರತೆಯನ್ನು ಗಮನಿಸಬೇಕು. ಒಂದೇ ಉಸಿರಿನ ಹರಹಿನಲ್ಲಿ ಸಮದಿಂದ ಹೊರಟು, ಅನಿರೀಕ್ಷಿತ ತಿರುವುಗಳನ್ನು ಹಾದು, ಮತ್ತೆ ಸಮಕ್ಕೆ ಬಂದು ಕೂಡುವ ಅವರ ಸ್ವರಗತಿ ಕೊನೆಯ ವರ್ಷಗಳವರೆಗೂ ಕೇಳುಗರನ್ನು ಬೆರಗುಗೊಳಿಸಿತು.

*

ವೀರಶೈವ ಓದುಗರಿಗೆ ಮನಸೂರರು ಹೆಚ್ಚಾಗಿ ಪರಿಚಿತರಾಗಿರುವುದು ವಚನಗಾಯನದಿಂದ. ಬಸವಣ್ಣ, ಅಕ್ಕಮಹಾದೇವಿ ಮೊದಲಾದವರ ವಚನಗಳನ್ನು ಅವರು ಹಿಂದೂಸ್ತಾನಿ ರಾಗಗಳಲ್ಲಿ ಅಳವಡಿಸಿ ಹಾಡಿದರು. ಕನ್ನಡವರಿಯದ ಸಭೆಗಳಲ್ಲಿಯೂ ಕಛೇರಿಯ ಕೊನೆಗೆ ವಚನಕ್ಕೆ ಸ್ಥಾನವಿರುತ್ತಿತ್ತು. ಇಲ್ಲಿ ವಿಮರ್ಶೆಗೆ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ. ವಚನವು ಪದ್ಯವಲ್ಲ, ಅದಕ್ಕೆ ನಿಯತವಾದ ಮಾತ್ರೆಗಳಿಲ್ಲ, ಪಲ್ಲವಿಯಿಲ್ಲ. ಅದರ ಲಯ ಆಡುಮಾತಿನ ಲಯ, ಅರ್ಥದ ಲಯ. ಅಂತಹುದನ್ನು ತಾಳದ ಚೌಕಟ್ಟಿಗೆ ಒಗ್ಗಿಸಿದಾಗ ಅರ್ಥ ರಾಗಕ್ಕೆ ಬಲಿಯಾಗುವ ಅಪಾಯವಿದೆ. ಖ್ಯಾಲಿನಲ್ಲಿ ಸಾಹಿತ್ಯ ಸ್ವರಕ್ಕೊಂದು ನಿಮಿತ್ತ ಮಾತ್ರ. ಜಯಪುರ ಗಾಯಕಿಯಲ್ಲಂತೂ ಶಬ್ದಗಳು ಆಕಾರದಲ್ಲಿ ಕರಗಿಹೋಗುತ್ತವೆ. ಆ ಅಭ್ಯಾಸವನ್ನೇ ವಚನಕ್ಕೂ ತಂದರೆ ಶರಣರ ಮಾತು ಉಳಿಯುವುದೆ?

ಮನಸೂರರ ಪರಿಣತಿ ಸಂಪೂರ್ಣವಾಗಿ ಬೆಳಗುವುದು ಈ ಪ್ರಶ್ನೆಗೆ ಅವರು ಕೊಟ್ಟ ಗಾಯನರೂಪದ ಉತ್ತರದಲ್ಲಿ. ಉತ್ತರವಯಸ್ಸಿನ ವಚನಗಾಯನದಲ್ಲಿ ಅವರು ತಾನುಗಳನ್ನು ಬಹುಮಟ್ಟಿಗೆ ತಡೆಹಿಡಿಯುತ್ತಾರೆ. ಪದಗಳನ್ನು ಅರ್ಥದ ಘಟಕಗಳಾಗಿ ಬಿಡಿಸುತ್ತಾರೆ. ಧಾರವಾಡ ಸೀಮೆಯ ಉಚ್ಚಾರ ತುಂಬಿನಿಂತು, ವಚನವು ಮೂಲತಃ ಆಡಿದ ಮಾತೆಂಬುದನ್ನು ನೆನಪಿಗೆ ತರುತ್ತದೆ. ವಚನಕಾರನ ಅಂಕಿತ ಬಂದಾಗ ಸ್ವರವು ಮೇಲೇರದೆ ನೆಲೆಗೊಳ್ಳುತ್ತದೆ. ಕ್ಲಿಷ್ಟವಾದ ರಾಗಗಳನ್ನು ಸಲೀಸಾಗಿ ಹಾಡಬಲ್ಲವನು ಸರಳವಾಗಿ ಹಾಡಲು ಒಪ್ಪುವುದೇ ದೊಡ್ಡ ತ್ಯಾಗ. ತಿಳಿದುದನ್ನೆಲ್ಲ ತೋರಬೇಕೆಂಬ ಹಂಬಲ ತರುಣನಲ್ಲಿ ದೋಷವಲ್ಲ. ಆ ಹಂಬಲ ಕಳಚಿದಾಗಲೇ ವಚನಗಾಯನ ಸಾಧ್ಯ. ಲಿಂಗನಿಷ್ಠೆಯುಳ್ಳ ಗಾಯಕನಾದುದರಿಂದ ವಚನ ಚೆನ್ನಾಗಿ ಬಂದಿತು ಎಂಬ ಭಕ್ತಿಪೂರ್ವಕ ವಿವರಣೆ ಅರ್ಧಸತ್ಯ. ನಿಷ್ಠೆ ಅನೇಕರಲ್ಲಿರುತ್ತದೆ, ಅದನ್ನು ಸ್ವರದ ಸಂಯಮವನ್ನಾಗಿ ಪರಿವರ್ತಿಸುವುದು ದೀರ್ಘಕಾಲದ ಕಾಯಕದಿಂದ ಮಾತ್ರ ಸಾಧ್ಯ.

ಇಷ್ಟು ಹೇಳಿದ ಮೇಲೆ ಮಿತಿಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ಮುಪ್ಪಿನ ಎಲ್ಲ ಗಾಯನವೂ ಒಂದೇ ಎತ್ತರದಲ್ಲಿಲ್ಲ. ಕೆಲವು ಮುದ್ರಣಗಳಲ್ಲಿ ತಾರಸ್ಥಾಯಿಯ ಸ್ವರಗಳು ಬಿರುಸಾಗಿ ಕೇಳುತ್ತವೆ. ಖ್ಯಾಲಿನ ಸಾಹಿತ್ಯ ಅಸ್ಪಷ್ಟವಾಗುವುದುಂಟು. ಮೆಲ್ಲನೆ ಬಿಚ್ಚಿಕೊಳ್ಳುವ ವಿಶ್ರಾಂತಿಯನ್ನು, ಮಂದ್ರದ ನೀರವ ಗಾಂಭೀರ್ಯವನ್ನು ಬಯಸುವವರಿಗೆ ಈ ಗಾಯನದ ಅವಿರತ ಚಲನೆ ಉಸಿರು ಕಟ್ಟಿಸುವಂತೆ ತೋರಬಹುದು. ಇವುಗಳನ್ನು ವಯಸ್ಸಿನ ಹೆಸರಿನಲ್ಲಿ ಮನ್ನಿಸುವುದು ಆ ಗಾಯಕನಿಗೇ ಅವಮಾನ. ಮನ್ನಿಸಬೇಕಾದ ಅಗತ್ಯವೇ ಇಲ್ಲದಷ್ಟು ಉಳಿದ ಸಾಧನೆ ದೊಡ್ಡದಿದೆ. ಕೊರತೆಯನ್ನು ಕೊರತೆಯೆಂದು ಹೇಳಬಲ್ಲ ವಿಮರ್ಶೆಯ ಬಾಯಿಂದ ಬಂದಾಗ ಮಾತ್ರ ಹೊಗಳಿಕೆಗೆ ಬೆಲೆ ಬರುತ್ತದೆ.

*

ಕಾಯಕದ ಫಲವು ದಾಸೋಹದಲ್ಲಿ ಸಲ್ಲಬೇಕೆಂಬುದು ಶರಣರ ತತ್ತ್ವ. ವೃದ್ಧ ಕಲಾವಿದನ ಪಾಲಿಗೆ ದಾಸೋಹವೆಂದರೆ ವಿದ್ಯಾದಾನ. ಈ ದೃಷ್ಟಿಯಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ (೧೯೧೪–೨೦೧೦) ಬಾಳನ್ನು ಮನಸೂರರ ಬಾಳಿನ ಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಗುರುಗಳಾದ ಪಂಚಾಕ್ಷರ ಗವಾಯಿಗಳು ೧೯೪೪ರಲ್ಲಿ ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತರು. ಅಂಧರಿಗೂ ಅನಾಥರಿಗೂ ಅನ್ನ, ಆಶ್ರಯ, ಸಂಗೀತವಿದ್ಯೆಗಳನ್ನು ನೀಡುತ್ತ ಆರು ದಶಕಗಳಿಗೂ ಮಿಕ್ಕಿ ಅದನ್ನು ನಡೆಸಿದರು. ಹಲವು ವಾದ್ಯಗಳ ಪರಿಣತಿ. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥರಚನೆ. ಆದರೂ ಅವರ ಉತ್ತರವಯಸ್ಸಿನ ಮುಖ್ಯ ಸೃಷ್ಟಿ ಯಾವುದೆಂದು ಕೇಳಿದರೆ ನಾಡಿನ ಊರೂರುಗಳಲ್ಲಿ ಹರಡಿರುವ ಗಾಯಕ, ವಾದಕ, ಕೀರ್ತನಕಾರರಾದ ಶಿಷ್ಯರನ್ನೇ ತೋರಬೇಕಾಗುತ್ತದೆ. ಭಾರತ ಸರಕಾರ ಅವರಿಗೆ ಪದ್ಮಭೂಷಣ ನೀಡಿದುದು ನಿಧನದ ವರ್ಷವಾದ ೨೦೧೦ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ. ಪ್ರಶಸ್ತಿಗೆ ಆಶ್ರಮ ಕಾದಿರಲಿಲ್ಲ.

ಗವಾಯಿಗಳದು ಹರಡುವ ಸೃಷ್ಟಿ, ಮನಸೂರರದು ಆಳಕ್ಕಿಳಿಯುವ ಸೃಷ್ಟಿ. ಮನಸೂರರ ಗಾಯಕಿ ಸಾಮೂಹಿಕ ಪಾಠಕ್ಕೆ ಒಗ್ಗುವಂತಹುದಲ್ಲ. ಪುತ್ರ ರಾಜಶೇಖರ ಮನಸೂರ ಮೊದಲಾದ ಕೆಲವರು ಅದನ್ನು ಸಮೀಪದಿಂದ ಕಲಿತು ಮುಂದುವರಿಸಿದರು. ಅಪ್ರಚಲಿತ ರಾಗಗಳ ದೊಡ್ಡ ಭಂಡಾರವೊಂದು ಕೆಲವೇ ಕಂಠಗಳ ಮೂಲಕ ಸಾಗಿಬರುವುದು ಎಂತಹ ಸೂಕ್ಷ್ಮ ಸ್ಥಿತಿಯೆಂಬುದನ್ನು ಯೋಚಿಸಬೇಕು. ವೃದ್ಧ ಗಾಯಕನೊಬ್ಬ ಮೌನವಾದಾಗ ಒಬ್ಬ ವ್ಯಕ್ತಿ ಮಾತ್ರ ಅಳಿಯುವುದಿಲ್ಲ. ಬರಹಕ್ಕಿಳಿಯದ ಗ್ರಂಥಾಲಯವೊಂದು ಮುಚ್ಚುತ್ತದೆ. ತಮ್ಮ ಉತ್ತರವಯಸ್ಸಿನಲ್ಲಿ ಮನಸೂರರು ‘ನನ್ನ ರಸಯಾತ್ರೆ’ ಎಂಬ ಆತ್ಮಕಥನವನ್ನು ಕನ್ನಡದಲ್ಲಿ ನೀಡಿದುದು ಈ ದೃಷ್ಟಿಯಿಂದ ಮಹತ್ತ್ವದ ಕಾರ್ಯ. ಗುರುಗಳ ವಿಷಯದಲ್ಲಿ ಧಾರಾಳವೂ ತಮ್ಮ ವಿಷಯದಲ್ಲಿ ಮಿತವೂ ಆದ ಆ ಕೃತಿಯ ಧೋರಣೆ ಅವರ ಗಾಯನದ ಧೋರಣೆಯೇ.

ಇಲ್ಲಿಗೆ ಆರಂಭದ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತಂತಾಯಿತು. ಮನಸೂರರ ಕಾಯಕಕ್ಕೆ ನಿವೃತ್ತಿಯಿರಲಿಲ್ಲ. ಅದರ ಕೊನೆಯ ಫಲವು ಮೊದಲಿನದರ ಪುನರುಕ್ತಿಯಾಗಿರಲಿಲ್ಲ: ಪೀಠಿಕೆಯನ್ನು ತೊರೆದ ನೇರತೆ, ಬೆಸುಗೆ ಕಾಣದ ರಾಗೈಕ್ಯ, ತಾನಾಗಿ ನಿಲ್ಲಬಲ್ಲ ಪ್ರಮಾಣಪ್ರಜ್ಞೆ, ವಚನದ ಮುಂದೆ ಬಾಗಿದ ಸ್ವರಸಂಯಮ ಇವು ದೀರ್ಘಕಾಲ ಬಾಳಿದ, ಬಾಳಿದಷ್ಟು ಕಾಲವೂ ದುಡಿದ ಕಲಾವಿದನಿಗೆ ಮಾತ್ರ ದಕ್ಕುವ ಗುಣಗಳು. ಬರಿಯ ಆಯುಷ್ಯ ಇವುಗಳನ್ನು ಕೊಡಲಾರದು. ಬರಿಯ ಪ್ರತಿಭೆಯೂ ಕೊಡಲಾರದು.

ಹೀಗಿರುವಲ್ಲಿ ಮಠಗಳ ಮೇಲೆ, ಸಂಗೀತಸಭೆಗಳ ಮೇಲೆ, ವಿದ್ಯಾಪೀಠಗಳ ಮೇಲೆ ಒಂದು ಹೊಣೆ ಬೀಳುತ್ತದೆ. ಹಿರಿಯ ಕಲಾವಿದನನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆತಂದು ಶಾಲು ಹೊದಿಸಿ ಕಳುಹಿಸುವುದರಿಂದ ಆ ಹೊಣೆ ತೀರದು. ಅವರ ಮುಂದೆ ನಾಲ್ಕು ಮಂದಿ ಸಮರ್ಥ ಶಿಷ್ಯರನ್ನು ಕುಳ್ಳಿರಿಸಬೇಕು. ಹಾಡಿದುದನ್ನು ಪೂರ್ಣವಾಗಿ, ದಿನಾಂಕ ರಾಗ ತಾಳಗಳ ವಿವರದೊಂದಿಗೆ, ಮುದ್ರಿಸಿಡಬೇಕು. ಅವರು ಹೇಳುವ ಪಾಠ, ಪಾಠಾಂತರಗಳನ್ನು ಬರೆದುಕೊಳ್ಳಬೇಕು. ನಾಲ್ವತ್ತು-ಐವತ್ತರ ವಯಸ್ಸಿನಲ್ಲಿ ಮರೆಯಲ್ಲಿ ದುಡಿಯುತ್ತಿರುವವರನ್ನು ಅವರ ಷಷ್ಟಿಪೂರ್ತಿಯವರೆಗೆ ಕಾಯದೆ ಗುರುತಿಸಬೇಕು. ಒಂದು ಕಾಲದಲ್ಲಿ ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಮನೆ ಮನೆ ತಿರುಗಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರ (೧೮೮೦–೧೯೬೪) ಶ್ರಮದಿಂದ ಶರಣಸಾಹಿತ್ಯ ಬೆಳಕು ಕಂಡಿತು. ಕಂಠಗಳಲ್ಲಿ ಚದುರಿರುವ ಸಂಪತ್ತಿಗೂ ಅಂತಹುದೇ ಶ್ರಮ ಸಲ್ಲಬೇಕಾಗಿದೆ. ಓಲೆಗರಿ ಕಾಯುವಷ್ಟು ಕಾಲ ಕಂಠ ಕಾಯುವುದಿಲ್ಲ.